ಹೇನು, ಕೋಳಿ ಮತ್ತು ಇಂಗೆಬಾಯಿಯ ಕಪ್ಪೆಗಳು

ರಾಣೆಬೆನ್ನೂರು

ಜರ್ಮನಿಗೆ ಹೋಗಿ ಬಂದವರು ಕೋಟೆ ನೋಡಿರುತ್ತಾರೆ, ನದಿಯಲ್ಲಿ ದೋಣಿ ಹತ್ತಿರುತ್ತಾರೆ, ಕನಿಷ್ಠ ಒಂದು ದೊಡ್ಡ ಗಡಿಯಾರದ ಮುಂದಾದರೂ ನಿಂತು ಫೋಟೊ ತೆಗೆಸಿಕೊಂಡಿರುತ್ತಾರೆ. ನಾನು ಅಲ್ಲಿ ಆರು ವಾರ ಇದ್ದೆ. ನೋಡಿದ್ದು ಕಪ್ಪೆಯ ಮೊಟ್ಟೆ. ಅದನ್ನೂ ಕತ್ತು ನೋಯುವ ತನಕ ಮೈಕ್ರೋಸ್ಕೋಪಿನಲ್ಲಿ. ಆದ್ದರಿಂದ ಇದನ್ನು ಓದಿ ಯಾರೂ ಟಿಕೆಟ್ ತೆಗೆಸಲು ಓಡಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮನೆ ರಾಣೆಬೆನ್ನೂರಿನಲ್ಲಿ. ನಮ್ಮ ಮನೆಯವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಒಂದು ಕೋಲ್ಡ್ ಸ್ಟೋರೇಜಿನ ಸೂಪರ್‌ವೈಸರ್. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಪ್ಯಾಸೆಂಜರ್ ರೈಲು ಹತ್ತುತ್ತೇವೆ, ಅವರು ಬ್ಯಾಡಗಿಯಲ್ಲಿ ಇಳಿಯುತ್ತಾರೆ, ನಾನು ಹಾವೇರಿಯಲ್ಲಿ. ಇದರ ನಡುವೆ ಧಾರವಾಡದಲ್ಲಿ ಒಂದು ಪಿಎಚ್‌ಡಿ ಬೇರೆ ಹಚ್ಚಿಕೊಂಡಿದ್ದೆ. ಹಚ್ಚಿಕೊಂಡು ಏಳು ವರ್ಷವಾಗಿತ್ತು. ವಿಷಯ, ಹತ್ತಿ ಗಿಡದ ಹೇನಿನ ನರ.

ನರಕೋಶದ ಮೈಮೇಲೆ ಸಣ್ಣ ಸಣ್ಣ ಬಾಗಿಲುಗಳಿರುತ್ತವೆ. ಪಕ್ಕದ ಕೋಶ ಒಂದು ರಾಸಾಯನಿಕದ ಮೂಲಕ ಸುದ್ದಿ ಕಳಿಸುತ್ತದೆ, ಅದು ಬಂದು ತಟ್ಟಿದರೆ ಬಾಗಿಲು ತೆರೆಯುತ್ತದೆ. ಪುಸ್ತಕದಲ್ಲಿ ಇದಕ್ಕೆ ರಿಸೆಪ್ಟರ್ ಎನ್ನುತ್ತಾರೆ. ಹೊಲಕ್ಕೆ ಹೊಡೆಯುವ ಕೆಲವು ಔಷಧಗಳು ಹೇನಿನ ಇದೇ ಬಾಗಿಲನ್ನು ಬಡಿಯುತ್ತವೆ. ಆ ಬಾಗಿಲಿನ ಸ್ವಭಾವ ತಿಳಿಯುವುದು ನನ್ನ ಕೆಲಸ. ತೊಂದರೆ ಏನೆಂದರೆ ಅದು ಇಡಿಯಾಗಿ ಹುಟ್ಟುವುದಿಲ್ಲ. ಐದು ಪ್ರೋಟೀನಿನ ತುಂಡುಗಳು ಬೇರೆಬೇರೆಯಾಗಿ ತಯಾರಾಗಿ, ಕೋಶದ ಒಳಗೇ ಸರಿಯಾಗಿ ಮಡಚಿಕೊಂಡು, ಒಂದರ ಪಕ್ಕ ಒಂದು ದುಂಡಗೆ ಕೂಡಬೇಕು. ಐದೂ ಕೂಡದ ಹೊರತು ಕೋಶ ಹೊರಗೆ ಬಿಡುವುದಿಲ್ಲ.

ರಾಣೆಬೆನ್ನೂರು ಬಸ್ ಸ್ಟ್ಯಾಂಡಿನ ಹೊರಗೆ ಕುಪ್ಪೇಲೂರಿನ ಟಂಟಂ ರಿಕ್ಷಾ ಹತ್ತಿ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀಟು ತುಂಬುವ ತನಕ ಡ್ರೈವರ್ ಚಹಾದಂಗಡಿ ಬಿಟ್ಟು ಏಳುವುದಿಲ್ಲ. ಬಹಳ ಹೊತ್ತಾದರೂ ಇಬ್ಬರೇ ಇದ್ದರೆ ಇಳಿಸಿಯೇ ಬಿಡುತ್ತಾನೆ. ಕೋಶ ಇನ್ನೂ ಒರಟು, ಜತೆ ಸಿಗದ ತುಂಡನ್ನು ಒಡೆದೇ ಹಾಕುತ್ತದೆ. ಇಷ್ಟೆಲ್ಲ ಆಗಿ ಹೊರಗೆ ಬಂದು ನಿಂತ ಬಾಗಿಲಿಗೂ ನೆಮ್ಮದಿ ಇಲ್ಲ. ನರದಲ್ಲಿ ಇನ್ನೊಂದು ಪ್ರೋಟೀನು ಕೆಳಗಿನಿಂದ ಅದನ್ನು ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲವಾದರೆ ಅತ್ತಿತ್ತ ತೇಲಿ ಹೋಗಿ ಮತ್ತೆ ಒಳಗೆ ಸೇರಿಬಿಡುತ್ತದೆ.

ನನ್ನ ಹೇನಿನ ತುಂಡುಗಳು ಏಳು ವರ್ಷದಲ್ಲಿ ಒಂದು ಸಲವೂ ಕೂಡಿ ನಿಂತಿರಲಿಲ್ಲ. ನನ್ನ ಗೈಡ್ ಆ ವರ್ಷವೇ ನಿವೃತ್ತರಾಗುವವರಿದ್ದರು. ಕರೆದು ಹೇಳಿದರು: "ಗಿರಿಜಾ, ಸೂಟಿ ಮುಗಿಯೂದ್ರಾಗ ಒಂದು ಬಾಗಲಾ ನಿಂತಿದ್ದು ತೋರಸವಾ. ಇಲ್ಲಾಂದ್ರ ನನ್ನ ಕೂಡ ನಿನ್ನ ಪಿಎಚ್‌ಡಿನೂ ರಿಟೈರ್ ಆಗ್ತದ."

ಅವರ ಹಳೆಯ ಗೆಳೆಯರೊಬ್ಬರು ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಪ್ರೊಫೆಸರ್. ಕಪ್ಪೆಯ ಮೊಟ್ಟೆಯೊಳಗೆ ಬೇರೆ ಪ್ರಾಣಿಗಳ ರಿಸೆಪ್ಟರ್ ನಿಲ್ಲಿಸುವುದರಲ್ಲಿ ಹೆಸರಾದವರು. ಹೀಗೆ ೨೦೦೬ರ ಬೇಸಿಗೆ ಸೂಟಿಗೆ ನಾನು ವಿಮಾನ ಹತ್ತುವುದಾಯಿತು.

ಹೇನಿನ ಜೀನಿನ ಒಂದೊಂದು ಹನಿಯನ್ನು ಬ್ಲಾಟಿಂಗ್ ಪೇಪರಿನ ಮೇಲೆ ಒಣಗಿಸಿ, ಸುತ್ತಲೂ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಹಾಕಿಕೊಂಡಿದ್ದೆ. ಏಳು ವರ್ಷದ ದುಡಿಮೆ ಒಂದು ಅಂಗೈ ಅಗಲದ ಕಾಗದ. ನಮ್ಮ ಮನೆಯವರು ಅದನ್ನು ಹಿಂದೆಮುಂದೆ ನೋಡಿ, "ಮಡಚಿ ಗಿಡಚೀತು, ತಡಿ" ಎಂದು ಅಟ್ಟದ ಮೇಲಿಂದ ಒಂದು ಲಗ್ನಪತ್ರಿಕೆ ತೆಗೆದರು. ಬ್ಯಾಡಗಿಯ ದಲಾಲರೊಬ್ಬರ ಮಗಳ ಮದುವೆಯದು. ರಟ್ಟಿನಷ್ಟು ದಪ್ಪ, ಮೇಲೆ ಬಂಗಾರದ ಗಣಪತಿ. ಜೀನು ಅದರೊಳಗೆ ಕುಳಿತಿತು.

ಫ್ರಾಂಕ್‌ಫರ್ಟ್

ಕಸ್ಟಮ್ಸಿನ ಅಧಿಕಾರಿ ನನ್ನ ಸೂಟ್‌ಕೇಸು ತೆರೆಸಿ ಮೊದಲು ನೋಡಿದ್ದು ಕಡಕ್ ರೊಟ್ಟಿ. ಬಿಳಿ ಬಟ್ಟೆಯಲ್ಲಿ ಕಟ್ಟಿದ್ದ ನಲವತ್ತು ರೊಟ್ಟಿ. ಬೆರಳಿನಿಂದ ತಟ್ಟಿದ, ಟಕ್ ಎಂದಿತು. ಇದು ತಿನ್ನುವುದೋ ಗೋಡೆಗೆ ಹಚ್ಚುವುದೋ ಎಂಬಂತೆ ನನ್ನ ಮುಖ ನೋಡಿದ. ಒಂದು ಚೂರು ಮುರಿದು ತಿಂದು ತೋರಿಸಿದೆ. ಆಮೇಲೆ ಅವನ ಕೈಗೆ ಲಗ್ನಪತ್ರಿಕೆ ಬಂತು.

"ಮದುವೆಯೇ?" ಎಂದ.

"ಹೌದು."

"ಯಾರದು?"

ಪ್ರೊಫೆಸರರು ಕಳಿಸಿದ್ದ ಅನುಮತಿ ಪತ್ರ ಕೈಚೀಲದಲ್ಲೇ ಇತ್ತು. ಆದರೆ ಹೆದರಿದಾಗ ನನ್ನ ಕೈಚೀಲ ಬಾವಿಯಷ್ಟು ಆಳವಾಗಿಬಿಡುತ್ತದೆ, ಏನೂ ಸಿಗುವುದಿಲ್ಲ. "ನಮ್ಮ ಕಡೆಯವರದು" ಎಂದೆ. ಆತ ಗಣಪತಿಯನ್ನು ಮೆಚ್ಚಿ, ಕೈ ಕುಲುಕಿ, ವಧೂವರರಿಗೆ ಶುಭ ಹಾರೈಸಿ ಕಳಿಸಿದ.

ಅಲ್ಲಿಂದ ರೈಲು. ನಮ್ಮ ಹಾವೇರಿ ಪ್ಯಾಸೆಂಜರಿನಲ್ಲಿ ಒಂದು ಸ್ಟೇಶನ್ ದಾಟುವುದರೊಳಗೆ ಎದುರಿನವರ ಮಕ್ಕಳೆಷ್ಟು, ಬಿಪಿ ಎಷ್ಟು ಎಂದು ತಿಳಿದಿರುತ್ತದೆ. ಇಲ್ಲಿ ಎರಡು ತಾಸು ಯಾರೂ ಬಾಯಿ ಬಿಡಲಿಲ್ಲ. ಯಾರೋ ಸತ್ತಿರಬೇಕು ಎಂದು ನಾನೂ ಮುಖ ಸಪ್ಪಗೆ ಮಾಡಿಕೊಂಡು ಕುಳಿತೆ. ಕಡೆಗೆ ಹಸಿವು ತಡೆಯಲಾರದೆ ಒಂದು ರೊಟ್ಟಿ ಕಚ್ಚಿದೆ ನೋಡಿ, ಆ ಸದ್ದಿಗೆ ಇಡೀ ಡಬ್ಬಿ ತಿರುಗಿತು. ಬಾಯಲ್ಲಿದ್ದದ್ದನ್ನು ಉಗುಳುವ ಹಾಗಿಲ್ಲ, ಅಗಿಯುವ ಹಾಗಿಲ್ಲ. ನೆನೆದು ಮೆತ್ತಗಾಗುವ ತನಕ ಕೆನ್ನೆಯಲ್ಲಿ ಇಟ್ಟುಕೊಂಡು ಕಿಟಕಿಯ ಹೊರಗಿನ ಸಾಸಿವೆ ಹೊಲಗಳನ್ನು ನೋಡಿದೆ.

ಮೊದಲ ವಾರ

ಪ್ರೊಫೆಸರ್ ವೆರ್ನರ್ ಎತ್ತರದ, ನಗುಮುಖದ ಮನುಷ್ಯ. ನಾನು ಎರಡೂ ಕೈಯಿಂದ ಲಗ್ನಪತ್ರಿಕೆ ಕೊಟ್ಟೆ. ಅವರು ತಲೆಬಾಗಿ ತೆಗೆದುಕೊಂಡು ಬಹಳ ಸಂತೋಷಪಟ್ಟರು. ಎರಡು ದಿನ ಜೀನಿನ ಸುದ್ದಿಯೇ ಇಲ್ಲ. ಕೇಳಿದರೆ ಅವಸರ ಮಾಡಿದಂತಾಗುತ್ತದೆ ಎಂದು ನಾನೂ ಸುಮ್ಮನಿದ್ದೆ. ಮೂರನೆಯ ದಿನ ಅವರೇ ಬಂದು, "ನಿಮ್ಮ ಸ್ಯಾಂಪಲ್ಲು ಯಾವ ಕೊರಿಯರಿನಲ್ಲಿ ಬರುತ್ತದೆ?" ಎಂದರು. ನಾನು ಅವರ ಕೋಣೆಗೆ ಓಡಿದೆ. ನೋಡಿದರೆ ನನ್ನ ಏಳು ವರ್ಷ ಅವರ ಕೋಣೆಯ ಹೀಟರಿನ ಮೇಲಿನ ನೋಟೀಸ್ ಬೋರ್ಡಿನಲ್ಲಿ, ಗಣಪತಿಯ ಎರಡು ಕಿವಿಗೂ ಪಿನ್ನು ಚುಚ್ಚಿಸಿಕೊಂಡು ತೂಗುತ್ತಿತ್ತು. ಮದುವೆಗೆ ಬರಲಾಗುವುದಿಲ್ಲ, ಆದರೆ ಉಡುಗೊರೆ ಕಳಿಸುತ್ತೇನೆ ಎಂದು ಅವರು ಹೆಂಡತಿಗೂ ಹೇಳಿಬಿಟ್ಟಿದ್ದರಂತೆ.

ಒಣಗಿದ ಜೀನು ಗಟ್ಟಿ ಪ್ರಾಣಿ. ಹೀಟರಿನ ಬಿಸಿಗೆ ಏನೂ ಆಗಿರಲಿಲ್ಲ.

ಕಪ್ಪೆಗಳ ಜವಾಬ್ದಾರಿ ಇಂಗೆಬೋರ್ಗ್ ಎಂಬ ಟೆಕ್ನಿಶಿಯನ್ನರದು. ಐವತ್ತೈದು ದಾಟಿದವರು, ಕೊರಳಲ್ಲಿ ದಾರಕ್ಕೆ ಕಟ್ಟಿದ ಚಾಳೀಸು, ಇಸ್ತ್ರಿ ಮುರಿಯದ ಬಿಳಿ ಕೋಟು. ನಾನು ಮನಸ್ಸಿನಲ್ಲಿ ಇಂಗೆಬಾಯಿ ಎಂದು ಕರೆಯುತ್ತಿದ್ದೆ. ಅವರ ಇಂಗ್ಲಿಷು ನನ್ನ ಇಂಗ್ಲಿಷಿನಷ್ಟೇ ಕುಂಟುತ್ತಿತ್ತು, ಅದರಿಂದ ಇಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಆಫ್ರಿಕಾ ಮೂಲದ ಅರವತ್ತು ಕಪ್ಪೆ ಅವರ ಬಳಿ ಇದ್ದವು. ಪ್ರತಿಯೊಂದಕ್ಕೂ ರಜೆಯ ಲೆಕ್ಕ ಇತ್ತು. ಒಂದು ಕಪ್ಪೆಗೆ ಮಂಪರು ಬರಿಸಿ, ಹೊಟ್ಟೆಯಲ್ಲಿ ಸಣ್ಣ ಗೀರು ಮಾಡಿ, ಒಂದು ಚಮಚ ಮೊಟ್ಟೆ ತೆಗೆದು ಹೊಲಿಗೆ ಹಾಕಿದರೆ ಅದಕ್ಕೆ ತಿಂಗಳುಗಟ್ಟಲೆ ವಿಶ್ರಾಂತಿ. ನಮ್ಮ ಕಾಲೇಜಿನಲ್ಲಿ ಹೆರಿಗೆಯಾದ ಲೆಕ್ಚರರಿಗೂ ಇಷ್ಟು ಸಲೀಸಾಗಿ ರಜೆ ಸಿಗುವುದಿಲ್ಲ.

"ಮೊಟ್ಟೆ ಸೋಮವಾರ ಮಾತ್ರ," ಎಂದರು ಇಂಗೆಬಾಯಿ. "ಬೆಳಿಗ್ಗೆ ಏಳಕ್ಕೆ."

"ಮಂಗಳವಾರ ಬೇಕಾದರೆ?"

"ಮಂಗಳವಾರದ ನಂತರ ಸೋಮವಾರ ಬರುತ್ತದೆ."

ಆ ಊರಿನವರೆಲ್ಲ ಹಾಗೆಯೇ. ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲದಾಗ, ಕೆಂಪು ದೀಪ ಇದೆಯೆಂದು ಒಬ್ಬ ಅಜ್ಜ ಮಳೆಯಲ್ಲಿ ನೆನೆಯುತ್ತ ನಿಂತಿದ್ದ. ನಾನು ರಾಣೆಬೆನ್ನೂರಿನ ರೂಢಿಯಂತೆ ಕೈ ಅಡ್ಡ ಹಿಡಿದು ದಾಟಿದೆ. ಯಾರಿಗೆ ಕೈ ಅಡ್ಡ ಹಿಡಿದೆನೋ ನನಗೂ ಗೊತ್ತಿಲ್ಲ. ಅಜ್ಜ ನನ್ನನ್ನು ನೋಡಿದ ನೋಟಕ್ಕೆ ಮರಳಿ ಬಂದು ಅವನ ಪಕ್ಕ ನಿಂತುಕೊಂಡೆ.

ಸಂಜೆ ಕಾಲಿಂಗ್ ಕಾರ್ಡಿನಿಂದ ಮನೆಗೆ ಫೋನು ಮಾಡಿದರೆ ನಮ್ಮ ಮನೆಯವರ ಮೊದಲ ಪ್ರಶ್ನೆ, "ಅಲ್ಲಿ ಟೆಂಪರೇಚರ್ ಎಷ್ಟೈತಿ?"

"ಎಂಟೈತ್ರಿ."

"ಹಂಗಾದ್ರ ಚಿಂತಿಲ್ಲ ಬಿಡು. ಮೆಣಸಿನಕಾಯಿ ವರ್ಷಗಟ್ಲೆ ಕೆಡಂಗಿಲ್ಲ."

"ನಾ ಮೆಣಸಿನಕಾಯಿ ಅಲ್ರಿ."

"ಹಂಗಲ್ಲ, ನೀನೂ ಕೆಡಂಗಿಲ್ಲ ಅಂದೆ" ಎಂದು ಸಮಾಧಾನ ಮಾಡಿದರು.

ಕಪ್ಪೆಯ ಕೋಣೆ

ಕಪ್ಪೆಯ ಮೊಟ್ಟೆ ಸಾಸಿವೆ ಕಾಳಿಗಿಂತ ತುಸು ಸಣ್ಣದು. ಅರ್ಧ ಕಂದು, ಅರ್ಧ ಕೆನೆ ಬಣ್ಣ. ಅದರ ಮೇಲಿನ ತೆಳು ಪೊರೆಯನ್ನು ಎರಡು ಚಿಮಟದಿಂದ ಹಿಡಿದು, ಮೊಟ್ಟೆ ಒಡೆಯದಂತೆ ಸುಲಿಯಬೇಕು. ಹೊಸಬರಿಗೆ ಇದನ್ನು ಕಲಿಯಲು ತಿಂಗಳು ಬೇಕಂತೆ. ಇಂಗೆಬಾಯಿ ನನ್ನ ಮುಂದೆ ಹತ್ತು ಮೊಟ್ಟೆ ಇಟ್ಟು, ಇವಳು ಹತ್ತನ್ನೂ ಹಾಳು ಮಾಡುತ್ತಾಳೆ ಎಂಬ ಖಾತ್ರಿಯಲ್ಲಿ ಕಾಫಿ ಕುಡಿಯಲು ಹೋದರು.

ಅವರಿಗೇನು ಗೊತ್ತು. ನಾನು ಕುಪ್ಪೇಲೂರಿನವಳು. ಪಿಯುಸಿ ಮುಗಿಯುವ ತನಕ ಪ್ರತಿ ಸೂಟಿಯಲ್ಲೂ ನಮ್ಮವ್ವನ ಜತೆ ಬೀಜದ ಕಂಪನಿಯವರ ಪ್ಲಾಟಿನಲ್ಲಿ, ಹೈಬ್ರಿಡ್ ಬೀಜಕ್ಕಾಗಿ ಹೂವಿಗೆ ಹೂವು ಕೂಡಿಸುವ ಕ್ರಾಸಿಂಗ್ ಕೆಲಸ ಮಾಡಿದವಳು. ಟೊಮೆಟೊ ಹೂವಿನ ಮೊಗ್ಗು ಬಿಡಿಸಿ, ನಡುವಿನ ಎಳೆ ಮುರಿಯದಂತೆ ಸುತ್ತಲಿನ ಗಂಡು ಭಾಗವನ್ನಷ್ಟೇ ಕಿತ್ತು ತೆಗೆಯುವುದೆಂದರೆ ಉಗುರಿನ ತುದಿಯಲ್ಲಿ ಪ್ರಾಣ ಇಟ್ಟುಕೊಂಡ ಹಾಗೆ. ಇಂಗೆಬಾಯಿ ಮರಳಿ ಬಂದಾಗ ಹತ್ತೂ ಮೊಟ್ಟೆ ಸುಲಿದು ಸಾಲಾಗಿ ಕುಳಿತಿದ್ದವು. ಚಾಳೀಸು ಏರಿಸಿ ನೋಡಿದರು. ಮತ್ತೊಮ್ಮೆ ನೋಡಿದರು. "ಸರಿ" ಎಂದರು. ಅಲ್ಲಿನವರು ಹೇಳಿದಂತೆ ಅದು ಅವರ ಬಾಯಿಂದ ಬರುವ ಅತಿ ದೊಡ್ಡ ಹೊಗಳಿಕೆ. ಕೇಳಿ ನನಗೆ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ.

ಸುಲಿದ ಮೊಟ್ಟೆಗೆ ಗಾಜಿನ ಸೂಜಿಯಿಂದ ಜೀನಿನ ನಕಲನ್ನು ಚುಚ್ಚಬೇಕು. ಮೊಟ್ಟೆ ಪಾಪದ್ದು. ಯಾರ ನಕಲು, ಏನು ಎಂದು ಕೇಳದೆ ಅದರಲ್ಲಿ ಬರೆದ ಪ್ರೋಟೀನು ತಯಾರಿಸುತ್ತದೆ. ಎರಡು ಮೂರು ದಿನ ಬಿಟ್ಟು ಮೊಟ್ಟೆಗೆ ಎರಡು ಸಣ್ಣ ತಂತಿ ಚುಚ್ಚಿ ಸುದ್ದಿಯ ರಾಸಾಯನಿಕ ಸುರಿಯುವುದು. ಬಾಗಿಲು ನಿಂತಿದ್ದರೆ ತೆರೆದು ಕರೆಂಟು ಹರಿಯುತ್ತದೆ, ಪರದೆಯ ಮೇಲಿನ ಗೆರೆ ಕೆಳಗೆ ಜಾರುತ್ತದೆ. ನಿಂತಿರದಿದ್ದರೆ ಗೆರೆ ನೆಟ್ಟಗೆ ಹೋಗುತ್ತದೆ.

ನನ್ನ ಹೇನಿನ ಗೆರೆ ನೆಟ್ಟಗೆ ಹೋಯಿತು. ಎರಡನೆಯ ವಾರ ಹೋಯಿತು, ಮೂರನೆಯ ವಾರವೂ ಹೋಯಿತು. ಅಷ್ಟು ನೆಟ್ಟಗೆ ನಮ್ಮೂರ ರೈಲು ಹಳಿಯೂ ಇಲ್ಲ. ಹೇನಿನ ತುಂಡುಗಳು ಒಳಗೆ ತಯಾರಾಗುತ್ತಿದ್ದವು, ಆದರೆ ಒಂದನ್ನು ಕಂಡರೆ ಒಂದಕ್ಕೆ ಆಗದೆ ಅಲ್ಲೇ ನಾಶವಾಗುತ್ತಿದ್ದವು. ನನಗೆ ಸಿಟ್ಟು ಬಂದು ಮೈಕ್ರೋಸ್ಕೋಪಿನ ಮುಂದೆ ಕನ್ನಡದಲ್ಲಿ ಬೈದೆ: "ಏಳು ವರ್ಷ ಸಾಕೇನಿ ನಿಮ್ಮನ್ನ, ಒಂದ ಸಲ ಕೂಡಿ ನಿಂದ್ರಾಕ ಏನ್ ಧಾಡಿ?"

"ಮೊಟ್ಟೆಗೆ ಕನ್ನಡ ಬರುವುದಿಲ್ಲ," ಎಂದರು ಇಂಗೆಬಾಯಿ.

ಪ್ರೊಫೆಸರ್ ವೆರ್ನರ್ ಒಂದು ದಾರಿ ಹೇಳಿದರು. ಹೇನಿನ ತುಂಡಿನ ಜತೆಗೆ ಕೋಳಿಯ ನರದ ತುಂಡು ಸೇರಿಸಿದರೆ ಹೇಗೆ? ಎರಡು ಹೇನಿನದು, ಮೂರು ಕೋಳಿಯದು. ಬೆರಕೆಯಾದರೂ ಚಿಂತೆಯಿಲ್ಲ, ಹೇನಿನ ಅರ್ಧ ಬಾಗಿಲಾದರೂ ನೋಡಲು ಸಿಗುತ್ತದೆ. ಹೈಬ್ರಿಡ್ ಬೀಜದ ಊರಿನವಳಿಗೆ ಇದನ್ನು ಎರಡು ಸಲ ಹೇಳಬೇಕೇ? ನಾಲ್ಕನೆಯ ವಾರ ಗೆರೆ ಸ್ವಲ್ಪ ಅಲುಗಿತು, ಆದರೆ ಯಂತ್ರ ನಡುಗಿದರೂ ಅಷ್ಟು ಅಲುಗುತ್ತದೆ. ಆಗ ಅವರು ಇನ್ನೊಂದು ಮಾತು ಸೇರಿಸಿದರು. ತುಂಡುಗಳು ಮಡಚಿಕೊಂಡು ಕೂಡುವ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಹಿಡಿದುಕೊಳ್ಳುವ ಒಂದು ಸಹಾಯಕ ಪ್ರೋಟೀನು ಇದೆ. ಒಂದು ಸಣ್ಣ ಹುಳದಲ್ಲಿ ಸಿಕ್ಕದ್ದು. ಅದರ ನಕಲನ್ನೂ ಜತೆಗೇ ಚುಚ್ಚಿ ನೋಡೋಣ.

ಫೋನಿನಲ್ಲಿ ಇದನ್ನು ವರದಿ ಮಾಡಿದೆ.

"ಕಪ್ಪಿ ಮೊಟ್ಟಿಯೊಳಗ ಹೇನು," ಎಂದರು ನಮ್ಮ ಮನೆಯವರು.

"ಹೌದ್ರಿ."

"ಮ್ಯಾಲ ಕೋಳಿ."

"ಹೌದು."

"ಅದರ ಮ್ಯಾಲ ಹುಳ."

"ಹೂಂ."

"ಕೊಳ್ಳಾಗ ಲಿಂಗ ಕಟಿಗೊಂಡು ಇದನ್ನೆಲ್ಲಾ ಮಾಡಾಕತ್ತೀಯಲ್ಲ ಗಿರಿಜಾ. ನಮ್ಮವ್ವ ಕೇಳಿದ್ರ ಜರ್ಮನ್ಯಾಗ ಹೂವಿನ ಕೆಲಸ ಅಂತ ಹೇಳ್ತೇನಿ."

ಐದನೆಯ ವಾರ

ಆ ಸೋಮವಾರ ಇಂಗೆಬಾಯಿ ಮೊಟ್ಟೆ ಕೊಟ್ಟರು. ನಲವತ್ತಕ್ಕೆ ಮೂರೂ ನಕಲು ಚುಚ್ಚಿ, ಗುಳಿಗಳಿದ್ದ ಡಬ್ಬಿಯ ಮೇಲಿನ ಸಾಲಿನಲ್ಲಿ ಇಟ್ಟೆ. ಅದೇ ಕಪ್ಪೆಯ ಇನ್ನು ನಲವತ್ತಕ್ಕೆ ಏನೂ ಚುಚ್ಚದೆ ಕೆಳಗಿನ ಸಾಲಿನಲ್ಲಿ ಇಟ್ಟೆವು. ಯಾಕೆಂದರೆ ಕಪ್ಪೆಯ ಮೊಟ್ಟೆಗೂ ಕೆಲವು ಸಲ ಆ ರಾಸಾಯನಿಕಕ್ಕೆ ಓಗೊಡುವ ಸ್ವಂತದ ಬಾಗಿಲುಗಳಿರುತ್ತವೆ. ಮುಟ್ಟದ ಮೊಟ್ಟೆಯಲ್ಲೂ ಗೆರೆ ಜಾರಿದರೆ ಕರೆಂಟು ಕಪ್ಪೆಯದು. ಮುಟ್ಟದ್ದು ಸುಮ್ಮನಿದ್ದು ಚುಚ್ಚಿದ್ದು ಮಾತ್ರ ಜಾರಿದರೆ ನಮ್ಮದು. ಇದನ್ನು ನಾನೇ ಬಿಎಸ್‌ಸಿ ಹುಡುಗರಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ, ಪರೀಕ್ಷೆಗೂ ಕೊಡುತ್ತೇನೆ.

ಮೊಟ್ಟೆಗಳಲ್ಲಿ ದಿನಾ ಕೆಲವು ಕೆಡುತ್ತವೆ. ಅವನ್ನು ಆರಿಸಿ ತೆಗೆಯದಿದ್ದರೆ ಉಳಿದವೂ ಕೆಡುತ್ತವೆ. ಬುಧವಾರ ಬೆಳಿಗ್ಗೆ ಇಂಗೆಬಾಯಿ ಮೊದಲ ಸಲ ಆ ಕೆಲಸವನ್ನು ನನ್ನ ಕೈಗೆ ಬಿಟ್ಟರು. ಆ ಹೆಮ್ಮೆಗೆ ಒಂದು ಹಾಡು ಗುನುಗುತ್ತ ಕುಳಿತೆ. ಚುಚ್ಚಿದ ಮೊಟ್ಟೆಯ ಮೇಲೆ ಸೂಜಿ ಹೋದಲ್ಲಿ ಒಂದು ಬಿಳಿ ಚುಕ್ಕಿ ಇರುತ್ತದೆ. ಮೇಲಿನ ಸಾಲಿನಲ್ಲಿ ಎಲ್ಲಕ್ಕೂ ಚುಕ್ಕಿ ಇತ್ತು. ಕೆಳಗಿನ ಸಾಲಿಗೆ ಬಂದೆ. ಚುಕ್ಕಿ ಇಲ್ಲ.

ಕ್ರಾಸಿಂಗ್ ಪ್ಲಾಟಿನಲ್ಲಿ ಒಂದು ನಿಯಮ ಇದೆ. ಗಂಡು ಹೂವಿನ ಪುಡಿ ಮುಟ್ಟಿಸಿದ ಹೂವಿಗೆ ದಾರ ಕಟ್ಟುತ್ತಾರೆ. ದಾರವಿಲ್ಲದ ಹೂವು ಎಲ್ಲಿ ಕಂಡರೂ ಚಿವುಟಬೇಕು. ಅಂಥದ್ದೊಂದು ಉಳಿದು ಕಾಯಾದರೆ ಬೀಜ ಬೆರಕೆಯಾಗಿ ಇಡೀ ಪ್ಲಾಟು ರಿಜೆಕ್ಟ್. ನಮ್ಮವ್ವ ಸಾಲಿನ ಹಿಂದೆ ಬಂದು, ಬಿಟ್ಟಿದ್ದು ಕಂಡರೆ ತಲೆಗೆ ಮೊಟಕುತ್ತಿದ್ದಳು. ಹತ್ತು ವರ್ಷ ಹಾಗೆ ಪಳಗಿದ ಬೆರಳು ತಲೆಯನ್ನು ಒಂದು ಮಾತು ಕೇಳುವುದಿಲ್ಲ. ಪಟ್. ಪಟ್. ಪಟ್. ಹಾಡಿನ ಎರಡನೆಯ ನುಡಿ ಮುಗಿಯುವುದರೊಳಗೆ ನಲವತ್ತನ್ನೂ ಚಿಮಟದಿಂದ ಚಿವುಟಿ, ಸಾಲು ಸ್ವಚ್ಛ ಮಾಡಿ, ಸೊಂಟ ನೆಟ್ಟಗೆ ಮಾಡಿಕೊಂಡೆ.

ಮಧ್ಯಾಹ್ನ ಮೇಲಿನ ಸಾಲಿನ ಮೊಟ್ಟೆಗಳಿಗೆ ತಂತಿ ಚುಚ್ಚಿ ರಾಸಾಯನಿಕ ಸುರಿದೆವು. ಗೆರೆ ಧಡ್ಡನೆ ಕೆಳಗೆ ಬಿತ್ತು, ಪರದೆಯ ತಳ ದಾಟಿ ಹೋಯಿತು. ಎರಡನೆಯದೂ ಬಿತ್ತು, ಮೂರನೆಯದೂ. ಏಳು ವರ್ಷದಲ್ಲಿ ಮೊದಲ ಸಲ! ನಾನು ಪ್ರೊಫೆಸರರ ಕೈ ಹಿಡಿದು ಕುಣಿದೆ. ಅವರೂ ಕುಣಿದರು, ಜರ್ಮನ್ ಪದ್ಧತಿಯಲ್ಲಿ, ಅಂದರೆ ಬರೀ ಹುಬ್ಬಿನಿಂದ. ಆಮೇಲೆ ಕೇಳಿದರು: "ಮುಟ್ಟದ ಮೊಟ್ಟೆಗಳು ಏನು ಹೇಳುತ್ತವೆ?"

ಇಂಗೆಬಾಯಿ ಕೆಳಗಿನ ಸಾಲು ನೋಡಿದರು. ನೀರಷ್ಟೇ ಇತ್ತು.

"ಇವು ಎಲ್ಲಿ?"

"ಚಿವುಟಿದೆ," ಎಂದೆ.

"ಕೆಟ್ಟಿದ್ದವೇ?"

"ಇಲ್ಲ."

"ಮತ್ತೆ ಏಕೆ?"

ದಾರ ಇರಲಿಲ್ಲ ಎಂದು ಹೇಳುವುದು ಹೇಗೆ? ಪ್ರೊಫೆಸರ್ ವೆರ್ನರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದರೆ ನಮಗೆ ಇನ್ನೂ ಏನೂ ಗೊತ್ತಿಲ್ಲ," ಎಂದು ಮೆಲ್ಲಗೆ ಹೇಳಿ ಕೋಣೆಗೆ ಹೋದರು. ನನಗೆ ಅಳು ಬಂತು. ಯಾವುದೂ ನಿಲ್ಲದಿದ್ದ ಏಳು ವರ್ಷ ನಾನು ಅತ್ತಿರಲಿಲ್ಲ. ನಿಂತ ಬಾಗಿಲನ್ನು ನನ್ನ ಕೈಯಾರೆ ಕಳೆದೆನಲ್ಲ ಎಂದು ಕಪ್ಪೆಗಳ ತೊಟ್ಟಿಯ ಮುಂದೆ ಕುಳಿತು ಅತ್ತೆ. ಅರವತ್ತು ಕಪ್ಪೆಗಳು ಗಾಜಿಗೆ ಮೂಗು ಹಚ್ಚಿ ನೋಡಿದವು.

ನನ್ನ ವಿಮಾನ ಮುಂದಿನ ಗುರುವಾರ. ಅದಕ್ಕೆ ಮೊದಲು ಒಂದೇ ಒಂದು ಸೋಮವಾರ ಉಳಿದಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ನೋಡಿದರೆ ಆ ಸೋಮವಾರ ಹಬ್ಬದ ರಜೆ, ಕೆಂಪಗೆ ಇತ್ತು. ಕೆಂಪಿಗೆ ಆ ದೇಶ ನಿಂತುಬಿಡುತ್ತದೆ ಎಂಬುದು ನನಗೆ ಆಗಲೇ ಗೊತ್ತಾಗಿತ್ತಲ್ಲ.

ಭಾನುವಾರ, ಇಂಗೆಬಾಯಿಯ ಮನೆ

ನಮ್ಮಲ್ಲಾದರೆ ಕೆಲಸ ಕೆಟ್ಟರೆ ಮನೆಗೇ ಹೋಗುತ್ತೇವೆ. ಮನೆಗೆ ಬಂದವರಿಗೆ ಯಾರೂ ಬಾಗಿಲಲ್ಲೇ ಇಲ್ಲ ಎನ್ನುವುದಿಲ್ಲ. ಇಂಗೆಬಾಯಿ ಬಸ್ ಸ್ಟಾಪಿನ ಎದುರಿನ ಬೇಕರಿಯ ಮಹಡಿಯಲ್ಲಿ ಇರುತ್ತಿದ್ದರು. ಹೋಗಿ ಗಂಟೆ ಒತ್ತಿದೆ. ಅವರು ಬಾಗಿಲು ತೆರೆದು ಬೆಚ್ಚಿಬಿದ್ದರು.

"ಲ್ಯಾಬಿಗೆ ಬೆಂಕಿ ಬಿದ್ದಿದೆಯೇ?"

"ಇಲ್ಲ."

"ಕಪ್ಪೆಗಳಿಗೆ ಏನಾದರೂ?"

"ಆರಾಮಾಗಿವೆ."

"ಮತ್ತೆ?"

"ಸುಮ್ಮನೆ ಬಂದೆ."

ಸುಮ್ಮನೆ ಬರುವುದು ಎಂದರೇನು ಎಂದು ಅವರು ನಿಂತಲ್ಲೇ ಯೋಚಿಸಿದರು. ಒಳಗೆ ಕರೆಯುವುದು ಬಿಟ್ಟು ಬೇರೆ ದಾರಿ ತೋಚಲಿಲ್ಲವೆಂದು ಕಾಣುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಗುಡ್ಡ ಬಿಳಿ ಕಡ್ಡಿಗಳಿದ್ದವು. ಶ್ಪಾರ್ಗೆಲ್ ಎಂಬ ತರಕಾರಿ. ನಮ್ಮಲ್ಲಿ ಮಾವಿನ ಹಣ್ಣು ಬಂದ ಹಾಗೆ ಅಲ್ಲಿ ಆ ತಿಂಗಳು ಎಲ್ಲರ ಬಾಯಲ್ಲೂ ಅದೇ ಮಾತು. ನುಗ್ಗೆಕಾಯಿಗೆ ಜ್ವರ ಬಂದರೆ ಹಾಗೆ ಕಾಣಬಹುದು. ಸಂಜೆ ತಂಗಿಯ ಮನೆಯಲ್ಲಿ ಮೂವತ್ತು ಜನರ ಊಟವಂತೆ. ಪ್ರತಿ ಕಡ್ಡಿಯ ಸಿಪ್ಪೆಯನ್ನೂ ತೆಳ್ಳಗೆ ತೆಗೆಯಬೇಕು. ಇಂಗೆಬಾಯಿ ಬೆಳಗಿನಿಂದ ಒಬ್ಬರೇ ಕುಳಿತು ಕಾಲು ಭಾಗ ಮುಗಿಸಿದ್ದರು. ತುದಿಗಳು ಪಟಪಟ ಮುರಿದು ಬಿದ್ದಿದ್ದವು.

ಬೇಡಿಕೊಳ್ಳಲು ಹೋದವಳು ನಾನು. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಆ ರಾಶಿ ಕಂಡದ್ದೇ ಮಾತು ಮರೆತು ಕುರ್ಚಿ ಎಳೆದು ಕುಳಿತು ಒಂದು ಕಡ್ಡಿ ಎತ್ತಿಕೊಂಡೆ. ಒಂದು ತಾಸಿನಲ್ಲಿ ಗುಡ್ಡ ಕರಗಿತು. ಒಂದು ತುದಿಯೂ ಮುರಿಯಲಿಲ್ಲ. ಇಂಗೆಬಾಯಿ ತಾವು ಸುಲಿಯುವುದು ಬಿಟ್ಟು ನನ್ನ ಕೈ ನೋಡುತ್ತ ಕುಳಿತಿದ್ದರು.

"ಈ ಬೆರಳೇ ನಲವತ್ತು ಮೊಟ್ಟೆ ಒಡೆದದ್ದು?"

ಆಗ ಹೇಳಿದೆ. ಹೂವು, ದಾರ, ನಮ್ಮವ್ವ, ಮೊಟಕು, ಎಲ್ಲ. ಅವರು ನಗಲಿಲ್ಲ. ಕೈ ಒರೆಸಿಕೊಂಡು, ಮುಂದೆ ಏನು ಎಂದು ಕೇಳಿದರು. ಗೈಡ್ ರಿಟೈರಾಗುವುದನ್ನೂ ಹೇಳಿದೆ. ಸೋಮವಾರದ ಮಾತು ಮಾತ್ರ ಎತ್ತಲು ಬಾಯಿ ಬರಲಿಲ್ಲ.

ಬಾಗಿಲ ತನಕ ಬಂದು ಇಂಗೆಬಾಯಿ ಹೇಳಿದರು: "ನಾಳೆ ರಜೆ. ನಾನು ಕೆಲಸ ಮಾಡುವುದಿಲ್ಲ. ಕಪ್ಪೆಗಳಿಗೆ ಹಬ್ಬದ ಶುಭಾಶಯ ಹೇಳಲು ಬರುತ್ತೇನೆ. ಏಳಕ್ಕೆ."

ಗುರುವಾರ

ಸೋಮವಾರ ಚುಚ್ಚಿದ ಮೊಟ್ಟೆಗಳಿಗೆ ಈ ಸಲ ಪೂರ್ತಿ ಮೂರು ದಿನ ಕೊಡಬೇಕು ಎಂದರು ಪ್ರೊಫೆಸರ್. ಒಳಗೆ ಐದು ತುಂಡು ಕೂಡುವುದಕ್ಕೆ ಯಾರ ವಿಮಾನದ ಹಂಗೂ ಇಲ್ಲ. ಆ ಮೂರು ದಿನ ಇಂಗೆಬಾಯಿ ನನ್ನನ್ನು ಮೊಟ್ಟೆಗಳ ಡಬ್ಬಿಯ ಹತ್ತಿರ ಬಿಡಲಿಲ್ಲ. ಕೆಟ್ಟವುಗಳನ್ನು ತಾವೇ ಆರಿಸಿದರು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿ ದೂರ ನಿಲ್ಲಬೇಕು.

ಗುರುವಾರ ಬೆಳಿಗ್ಗೆ ಸೂಟ್‌ಕೇಸು ಎಳೆದುಕೊಂಡೇ ಲ್ಯಾಬಿಗೆ ಹೋದೆ. ಮಧ್ಯಾಹ್ನ ರೈಲು. ಚುಚ್ಚಿದ ಎಂಟು ಮೊಟ್ಟೆ ನೋಡಿದೆವು, ಎಂಟರಲ್ಲೂ ಗೆರೆ ಜಾರಿತು. ಹಿಂದಿನ ವಾರದಷ್ಟು ಧಡ್ಡನೆ ಅಲ್ಲ, ಆದರೂ ಸಾಕಷ್ಟು. ಯಾರೂ ಕುಣಿಯಲಿಲ್ಲ.

ಈಗ ಮುಟ್ಟದವು. ಮೊದಲನೆಯದು. ರಾಸಾಯನಿಕ ಸುರಿದರು. ಗೆರೆ ನೆಟ್ಟಗೆ ಹೋಯಿತು. ಎರಡನೆಯದು, ನೆಟ್ಟಗೆ. ಮೂರನೆಯದಕ್ಕೆ ಸುರಿದ ತಕ್ಷಣ ಗೆರೆ ಚಂಗನೆ ಹಾರಿತು. ಪ್ರೊಫೆಸರ್ ಪರದೆಗೆ ಮುಖ ಹಚ್ಚಿದರು. ಇಂಗೆಬಾಯಿ ಮಾತ್ರ ಚಾಳೀಸಿನ ಮೇಲಿಂದ ಕೆಳಗೆ ನೋಡಿ ಬೆರಳು ತೋರಿಸಿದರು. ನನ್ನ ಸೂಟ್‌ಕೇಸು ವಾಲಿಕೊಂಡು ಬಂದು ಯಂತ್ರದ ಮೇಜಿನ ಕಾಲಿಗೆ ತಲೆಯಿಟ್ಟು ಮಲಗಿತ್ತು.

ಅದನ್ನು ಹೊರಗೆ ಹಾಕಿ ಅದೇ ಮೊಟ್ಟೆಯನ್ನು ಮತ್ತೆ ನೋಡಿದೆವು. ನೆಟ್ಟಗೆ. ನಾಲ್ಕು, ಐದು, ಆರು. ಎಷ್ಟು ವರ್ಷ ನಾನು ನೆಟ್ಟಗಿನ ಗೆರೆ ಕಂಡರೆ ಹಲ್ಲು ಕಡಿಯುತ್ತಿದ್ದೆ! ಈಗ ಉಸಿರು ಹಿಡಿದು ಅದನ್ನೇ ಬೇಡುತ್ತಿದ್ದೆ. ಏನೂ ಆಗಬಾರದು, ಸುಮ್ಮನಿರವ್ವಾ, ಸುಮ್ಮನಿರು ಎಂದು ಒಂದೊಂದು ಮೊಟ್ಟೆಗೂ ಹೇಳಿಕೊಂಡೆ. ಏಳು. ಎಂಟು. ಏನೂ ಆಗಲಿಲ್ಲ. ನನ್ನ ಜೀವಮಾನದಲ್ಲಿ ಏನೂ ಆಗದ್ದಕ್ಕೆ ಅಷ್ಟು ಸಂತೋಷಪಟ್ಟದ್ದಿಲ್ಲ.

"ಸರಿ," ಎಂದರು ಇಂಗೆಬಾಯಿ. ಆಮೇಲೆ, ಯಾರೂ ನಿರೀಕ್ಷಿಸದ ಹಾಗೆ, ನನ್ನನ್ನು ಅಪ್ಪಿಕೊಂಡು ಗಟ್ಟಿಯಾಗಿ ನಕ್ಕುಬಿಟ್ಟರು. ಪ್ರೊಫೆಸರ್ ಧಾರವಾಡಕ್ಕೆ ಅಲ್ಲಿಂದಲೇ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಗೈಡ್ ಎಲ್ಲ ಕೇಳಿಕೊಂಡು, "ಮುಟ್ಟಲಾರದ್ದು ಎಂಟೂ ಸುಮ್ನಿದ್ದುವಾ?" ಎಂದರು. ಇದ್ದುವ್ರಿ ಸರ್ ಎಂದೆ. "ಹಂಗಾದ್ರ ವಿಮಾನದಾಗನ ಬರಿಯಾಕ ಸುರು ಮಾಡು" ಎಂದರು.

ರಾಣೆಬೆನ್ನೂರು ಸ್ಟೇಶನ್

ಬೆಂಗಳೂರಿನಿಂದ ಬಂದ ರೈಲು ಇಳಿದರೆ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಮನೆಯವರು, ಹಾರ ಹಿಡಿದ ನಮ್ಮ ಪ್ರಿನ್ಸಿಪಾಲರು, ಅವರ ಹಿಂದೆ ಸ್ಟಾಫಿನ ನಾಲ್ಕು ಜನ. ನಮ್ಮ ಕಾಲೇಜಿನಿಂದ ವಿದೇಶಕ್ಕೆ ಹೋದ ಮೊದಲ ಲೆಕ್ಚರರು ನಾನು. ಹಾರ ಹಾಕಿ, ಫೋಟೊ ತೆಗೆಸಿ, ಪ್ರಿನ್ಸಿಪಾಲರು ಕೈ ಮುಂದೆ ಮಾಡಿದರು.

"ಏನ್ ಸಾಧಿಸಿಕೊಂಡ್ ಬಂದ್ರಿ ಮೇಡಂ, ತೋರಸ್ರಿ. ನಾಳೆ ನೋಟೀಸ್ ಬೋರ್ಡಿಗೆ ಹಚ್ಚೋಣು."

ಮಡಚಿ ಹೋದೀತೆಂದು ದಾರಿಯುದ್ದಕ್ಕೂ ಎದೆಗೆ ಅವಚಿಕೊಂಡು ತಂದಿದ್ದ ಫೈಲು ತೆರೆದು ಮೇಲಿನ ಹಾಳೆ ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು. ಎಂಟು ನೆಟ್ಟನೆಯ ಗೆರೆ. ಹಾಳೆ ತಿರುವಿ ಬೆನ್ನು ನೋಡಿದರು. ತಲೆಕೆಳಗೆ ಮಾಡಿಯೂ ನೋಡಿದರು, ಗೆರೆ ಹಾಗೆಯೇ ಇತ್ತು.

"ಇದರಾಗ ಏನೂ ಆಗೇ ಇಲ್ಲಲ್ರಿ ಮೇಡಂ?" ಎಂದರು, ನನಗೆ ನೋವಾಗದಂತೆ ದನಿ ತಗ್ಗಿಸಿ.

ಜರ್ಮನಿಯಿಂದ ಫೋನಿನಲ್ಲಿ ಇಡೀ ಕಥೆ ಕೇಳಿದ್ದ ನಮ್ಮ ಮನೆಯವರು ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಎದೆ ಉಬ್ಬಿಸಿ ಮುಂದೆ ಬಂದು, ಎರಡೂ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ ಹೇಳಿದರು:

"ಒಂದಲ್ಲ ಎರಡಲ್ರಿ ಸರ್, ಎಂಟಕ್ಕ ಎಂಟೂ ಏನೂ ಆಗಿಲ್ಲ!"